ಚಿಕ್ಕಜ್ಜನ ಆರು ಮೂಲೆಯ ಹರಳು

ಮಕ್ಕಳೇ, ಮೂತ್ರದ ವಿಷಯವನ್ನು ನಿಮ್ಮ ಚಿಕ್ಕಜ್ಜನಷ್ಟು ಪ್ರೀತಿಯಿಂದ ಮಾತಾಡುವ ಮನುಷ್ಯ ಇಡೀ ಕತಾರಿನಲ್ಲಿ ಇನ್ನೊಬ್ಬನಿರಲಾರ. ಅದೂ ಊಟಕ್ಕೆ ಕುಳಿತಾಗಲೇ!

ಇವನು ನನ್ನ ಮೈದುನ, ತೀರಿಹೋದ ನಿಮ್ಮ ಅಜ್ಜನ ಒಬ್ಬನೇ ತಮ್ಮ. ದೋಹಾದ ಪ್ರಯೋಗಾಲಯವೊಂದರಲ್ಲಿ ಹರಳುಗಳ ಸಂಶೋಧನೆ ಮಾಡುತ್ತಾನೆ. ಚಿನ್ನದಂಗಡಿಯ ಹರಳಲ್ಲ, ಮನುಷ್ಯರ ಕಿಡ್ನಿಯಲ್ಲಿ ಬೆಳೆಯುವ ಹರಳು! ಬೇರೆಯವರ ಮೊಬೈಲಿನಲ್ಲಿ ಮಕ್ಕಳ ಫೋಟೋ ಇದ್ದರೆ ಇವನದರಲ್ಲಿ ಆರು ಮೂಲೆಯ ಹರಳುಗಳು. ಶುಕ್ರವಾರ ಅಲ್ ವಕ್ರಾದ ನಮ್ಮ ಫ್ಲ್ಯಾಟಿಗೆ ಯಾರೇ ಬಂದರೂ ತೋರಿಸಲೇಬೇಕು. ಒಮ್ಮೆ ಪಕ್ಕದ ಮನೆಯ ಉಡುಪಿಯ ಟೀಚರು, ಎಷ್ಟು ಚಂದ, ಬೆಂಡೋಲೆ ಮಾಡಿಸಬಹುದಲ್ಲ ಅಂದರು. ಅದು ಎಲ್ಲಿಂದ ಹೊರಬಂದದ್ದೆಂದು ಇವನು ವಿವರಿಸಿದ. ಕೈಯಲ್ಲಿದ್ದ ನೀರುದೋಸೆಯನ್ನು ಅವರು ಮೆಲ್ಲನೆ ಕೆಳಗಿಟ್ಟರು. ಆಮೇಲೆ ನಮ್ಮಲ್ಲಿ ಏನೂ ತಿಂದಿಲ್ಲ.

ನಿಮ್ಮ ತಂಗಿ ಪುಟ್ಟಿಗೆ ಆರನೇ ವರ್ಷದಲ್ಲಿ ಕಲ್ಲು ಕಾಣಿಸಿದ ಮೇಲಂತೂ ಇವನ ಕಾಟ ಮಿತಿಮೀರಿತು. ನಿಮ್ಮ ಅಜ್ಜನ ಪ್ರಾಣ ತೆಗೆದ ಅದೇ ಕಲ್ಲು. ಮಗುವಿನ ಕಿಡ್ನಿ ಉಳಿಯುತ್ತದೋ ಇಲ್ಲವೋ ಎಂದು ನಾವು ಅಳುತ್ತಿದ್ದರೆ, ನಾನು ಊರಿನಿಂದ ಹೊತ್ತು ತಂದ ಮಿಡಿ ಉಪ್ಪಿನಕಾಯಿಯನ್ನು ಇವನು ಕಸಕ್ಕೆ ಸುರಿದ. "ಉಪ್ಪು ಖಲಾಸ್, ಅತ್ತಿಗೆ," ಅಷ್ಟೇ. ಗಂಟೆಗೊಮ್ಮೆ ಪುಟ್ಟಿ ನೀರು ಕುಡಿಯಬೇಕು, ಅವಳಿಗೆ ಬೇಸರವಾಗದಂತೆ ಇವನೂ ಕುಡಿಯಬೇಕು. ದುಖಾನ್‌ ಕಡಲತೀರಕ್ಕೆ ಹೋಗುವಾಗ ಮರಳುಗಾಡಿನಲ್ಲಿ ನಾಲ್ಕು ಸಲ ಕಾರು ನಿಲ್ಲಿಸಿದೆವು. ಮೂರು ಸಲ ಇವನಿಗಾಗಿ!

ನೀವು ನಗುತ್ತೀರಿ. ನನಗೆ ಮಾತ್ರ ಒಳಗೊಳಗೇ ಕಹಿ. ಕಂಡವರ ಕಲ್ಲನ್ನೆಲ್ಲ ನೋಡುವವನು ಸ್ವಂತ ಅಣ್ಣನದನ್ನು ಯಾಕೆ ನೋಡಲಿಲ್ಲ? ಅವರು ತೀರಿಹೋದ ಮೇಲೆ ನಿಮ್ಮಮ್ಮನನ್ನು ಸೋದರತ್ತೆಯ ಮಗನಿಗೇ, ಅಂದರೆ ನಿಮ್ಮಪ್ಪನಿಗೇ, ಕೊಡಲು ನಾನು ನಿಶ್ಚಯಿಸಿದಾಗ ಅಡ್ಡ ಬಂದವನೂ ಇವನೇ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಸಂಬಂಧ ಉಳಿಸಿಕೊಳ್ಳುವ ಬುದ್ಧಿ ನಿನಗಿಲ್ಲ ಎಂದು ಬೈದು ಮದುವೆ ಮಾಡಿಸಿದೆ. ಮದುವೆಗೆ ಇವನು ಬರಲಿಲ್ಲ.

ಕಳೆದ ವಾರದ ಸ್ಕ್ಯಾನಿನಲ್ಲಿ ಪುಟ್ಟಿಗೆ ಹೊಸ ಕಲ್ಲು ಕಾಣಲಿಲ್ಲ. ಆ ಧೈರ್ಯದ ಮೇಲೆ, ಹರಿವೆ ಸೊಪ್ಪು ಬಿಡಿಸುತ್ತಾ, ಎಲ್ಲವನ್ನೂ ಕೇಳಿಯೇಬಿಟ್ಟೆ.

"ಅಣ್ಣನದ್ದು ನೋಡಿದ್ದೆ, ಅತ್ತಿಗೆ. ಅದೇ ಆರು ಮೂಲೆಯ ಹರಳು. ಇದು ಮನೆತನದಲ್ಲಿ ಬರುವಂಥದ್ದು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಮಗುವಿಗೆ ತಗಲ್ತದೆ. ಊರಲ್ಲಿ ಗೊತ್ತಾದರೆ ಮಗಳಿಗೆ ಗಂಡು ಸಿಗುವುದಿಲ್ಲ, ನಿನ್ನ ಅತ್ತಿಗೆಗೂ ಹೇಳಬೇಡ ಅಂತ ಅಣ್ಣ ಆಣೆ ಹಾಕಿಸಿದ."

ನಾನು ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದೆ.

"ಮದುವೆಯ ಮಾತು ಬಂದಾಗಲಾದರೂ ನಾನು ಆಣೆ ಮುರಿಯಬೇಕಿತ್ತು. ತಪ್ಪು ನನ್ನದು," ಅಂದವನು ತಲೆ ತಗ್ಗಿಸಿ ಕುಳಿತ.

ನಾನು ಮದುವೆಯಾಗಿ ಬಂದಾಗ ಇವನಿಗೆ ಎಂಟು ವರ್ಷ. ಶನಿವಾರ ಶನಿವಾರ ಎಣ್ಣೆ ಹಚ್ಚಿ ಮೀಯಿಸುತ್ತಿದ್ದ ತಲೆ ಅದು, ಈಗ ಪೂರಾ ಬೋಳು. ಎಷ್ಟೋ ವರ್ಷಗಳ ಮೇಲೆ ಅದರ ಮೇಲೆ ಕೈಯಿಟ್ಟೆ.

"ತಪ್ಪು ನಮ್ಮಿಬ್ಬರದ್ದೂ, ಮಗಾ," ಅಂದೆ.