ಅರ್ಧ ಪುಟದ ಅರ್ಜಿ

ಅನಂತಸ್ವಾಮಿಯ ಅರ್ಜಿಯನ್ನು ಅರ್ಧ ಪುಟಕ್ಕೆ ಇಳಿಸುವುದೆಂದರೆ ಆನೆಯನ್ನು ಅಡಿಗೆಮನೆ ಬಾಗಿಲಲ್ಲಿ ನುಗ್ಗಿಸಿದ ಹಾಗೆ. ಆದರೆ ಹಾಸನದ ಹೊಸ ಸಾಹೇಬರ ಸುತ್ತೋಲೆ ಖಡಾಖಂಡಿತವಾಗಿತ್ತು: ಅರ್ಧ ಪುಟ ಮೀರಿದ ಅರ್ಜಿಗಳನ್ನು ಹಿಂತಿರುಗಿಸಲಾಗುವುದು.

ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಪ್ರತಿವರ್ಷ ಯುಗಾದಿ ಕಳೆದ ಕೂಡಲೇ ಅರಸೀಕೆರೆಗೆ ವರ್ಗವಾಗುತ್ತಿತ್ತು. ಕೂಡಲೇ ಅವನು ಹದಿನಾಲ್ಕು ಪುಟಗಳ ಮನವಿ ಬರೆಯುತ್ತಿದ್ದ. ವರ್ಗ ನಿಂತುಹೋಗುತ್ತಿತ್ತು. ಏಳು ವರ್ಷದಿಂದ ಇದೇ ಕಥೆ. ಎಲ್ಲವೂ ತನ್ನ ಗದ್ಯದ ಮಹಿಮೆಯೆಂದು ಅವನ ಗಾಢ ನಂಬಿಕೆ. (‘ಘನತೆವೆತ್ತ’ ಎಂದು ಹೊರಟರೆ ಅವನ ಹೆಸರು ಬರುವಷ್ಟರಲ್ಲಿ ಎರಡನೇ ಪುಟ ಮುಗಿದಿರುತ್ತಿತ್ತು.)

ಅರಸೀಕೆರೆಯ ಮೇಲೆ ಅವನಿಗೆ ಹಗೆಯೇನಿರಲಿಲ್ಲ. ಬೇಲೂರಿನಲ್ಲಿ ಕಚೇರಿ ಮನೆಯ ಎದುರಿಗೇ ಇತ್ತು, ಅಷ್ಟೇ. ಒಂದು ಗಂಟೆಗೆ ಬಂದು, ಬಿಸಿ ಸಾರನ್ನ ಉಂಡು, ಹಜಾರದಲ್ಲಿ ಬೂರುಗದ ಹತ್ತಿಯ ದಿಂಬಿಗೆ ತಲೆ ಕೊಟ್ಟರೆ ಎರಡೂವರೆಯವರೆಗೆ ಸ್ವರ್ಗ. ಅರಸೀಕೆರೆಯ ಕಚೇರಿ ಇದ್ದದ್ದು ರೈಲ್ವೆ ಸ್ಟೇಷನ್ನಿನ ಮಗ್ಗುಲಲ್ಲಿ. ಅಲ್ಲಿ ಕುಂಭಕರ್ಣನಿಗೂ ಕಣ್ಣು ಹತ್ತುವುದು ಅನುಮಾನ.

ಈ ಸಲದ ವರ್ಗದ ಆದೇಶ ಬಂದ ದಿನ ಮಧ್ಯಾಹ್ನ ಊಟವಾದ ಮೇಲೆ ಬಿಳಿ ಹಾಳೆಯ ಬುಡದಲ್ಲಿ ಮೊದಲು ಸಹಿ ಹಾಕಿಟ್ಟುಕೊಂಡ. (ಕೊನೆಗೆ ಜಾಗ ಸಾಲದೆ ಹೋದೀತೆಂಬ ಮುಂದಾಲೋಚನೆ.) ಆಮೇಲೆ ಹಳೆಯ ಮನವಿಯ ಪ್ರತಿ ತೆಗೆದು ಓದಿದ. ಹೆಂಡತಿ ರಂಗನಾಯಕಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

“‘ಶ್ರೀ ಚೆನ್ನಕೇಶವನ ಸನ್ನಿಧಿಯಲ್ಲಿ ನಿತ್ಯ ಸೇವಾಸಕ್ತನಾದ ಈ ದೀನನು...’”

“ದೇವಸ್ಥಾನಕ್ಕೆ ಹೋಗಿ ಎಷ್ಟು ದಿನ ಆಯ್ತು ರೀ?”

“ಅದು ಪೀಠಿಕೆ ಕಣೇ.”

“ತೆಗೀರಿ. ಮುಂದೆ?”

“‘ವಯೋವೃದ್ಧೆಯಾದ ಮಾತೃಶ್ರೀಯವರ ಶುಶ್ರೂಷೆಯಲ್ಲಿ...’”

“ಅತ್ತೆಯವ್ರು ಬಿಕ್ಕೋಡಲ್ಲಿ ನಿಮ್ಮಣ್ಣನ ಮನೇಲಿದಾರೆ. ಅದೂ ಕಲ್ಲೇ.”

ಮೊರದಿಂದ ಒಂದು ಕಲ್ಲು ಅಂಗಳಕ್ಕೆ ಹಾರಿತು. ಹೀಗೇ ಆರಿಸುತ್ತ ಹೋದಳು. ಯಾವುದು ಅಕ್ಕಿ, ಯಾವುದು ಕಲ್ಲು ಎಂಬುದೇ ಅನಂತಸ್ವಾಮಿಗೆ ತಿಳಿಯದಾಯಿತು.

“ಕೊನೆಗೆ ಉಳಿದದ್ದೇನೇ?”

“‘ಇಂತೀ ತಮ್ಮ ವಿಧೇಯ.’ ಅಲ್ಲಾ, ಇಷ್ಟು ಸುತ್ತಿ ಬಳಸೋದ್ಯಾಕೆ? ನಿಮಗೆ ನಿಜವಾಗಿ ಬೇಕಾಗಿರೋದೇನು, ಒಂದೇ ಮಾತಲ್ಲಿ ಹೇಳಿ.”

ಯೋಚಿಸುವುದಕ್ಕೆಂದು ಅವನು ದಿಂಬಿಗೆ ಒರಗಿದ. (ಒರಗಬಾರದಿತ್ತು.)

“ನಿದ್ದೆ,” ಎಂದ. ಹಿಂದೆಯೇ ಗೊರಕೆ ಬಂತು.

ಎದ್ದಾಗ ಮೂರು ಗಂಟೆ. ಹಾಳೆ ಇರಲಿಲ್ಲ.

“ಜವಾನ ಕರಿಬಸವಯ್ಯ ಹಾಸನದ ಟಪಾಲು ತಗೊಂಡು ಬಸ್ಸಿಗೆ ಹೊರಟಿದ್ದ. ನಾನೇ ಬರೆದು ಕೊಟ್ಟು ಕಳಿಸಿದೆ,” ಎಂದಳು.

“ಏನಂತ ಬರೆದೆ?”

“ನೀವು ಹೇಳಿದ್ದೇ. ‘ಕಚೇರಿ ನನ್ನ ಮನೆಯ ಎದುರಿಗಿದೆ. ಮಧ್ಯಾಹ್ನ ಉಂಡು ಮಲಗಲು ಅನುಕೂಲ. ಇಲ್ಲೇ ಇರಿಸಬೇಕಾಗಿ ಪ್ರಾರ್ಥನೆ.’ ಪ್ರಾರ್ಥನೇನೂ ಹೊಡೆದು ಹಾಕೋಣ ಅಂತಿದ್ದೆ. ನಿಮ್ಮ ಮುಖ ನೋಡಿ ಬಿಟ್ಟೆ.”

ಅವನಿಗೆ ಇವಳನ್ನು ಬೈಯಬೇಕೋ, ತನ್ನ ನಿದ್ದೆಯನ್ನು ಬೈಯಬೇಕೋ ತೋಚಲಿಲ್ಲ. ಮುಂದಿನ ಐದು ಮಧ್ಯಾಹ್ನ ಅದೇ ದಿಂಬಿನ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ. ಆರನೆಯ ದಿನ ಉತ್ತರ ಬಂತು.

‘ನಿಮ್ಮ ಹಿಂದಿನ ಏಳು ಮನವಿಗಳನ್ನು ಇಲ್ಲಿ ಯಾರೂ ಪೂರ್ತಿ ಓದಿಲ್ಲ. ಓದಿ ತೀರ್ಮಾನಿಸುವವರೆಗೆ ವರ್ಗವನ್ನು ತಡೆಹಿಡಿಯಲಾಗಿತ್ತು. ಈ ಸಲದ್ದನ್ನು ಓದಲಾಯಿತು. ಸೋಮವಾರ ಅರಸೀಕೆರೆಯಲ್ಲಿ ಹಾಜರಾಗಿ.’

ಏಳು ವರ್ಷದ ಗದ್ಯವೈಭವ ನಾಲ್ಕು ಸಾಲಿನಲ್ಲಿ ಮಣ್ಣುಪಾಲಾಯಿತು. ಒಂದಾದರೂ ಅನಾವಶ್ಯಕ ಪದ ಸಿಕ್ಕೀತೇ ಎಂದು ಅವನು ಮೂರು ಸಲ ಓದಿದ. ರಂಗನಾಯಕಿ ಕಾಗದ ಇಸಿದುಕೊಂಡು ನೋಡಿದಳು.

“ಎಷ್ಟು ಚೆನ್ನಾಗಿ ಬರೆದಿದಾರೆ ರೀ. ಒಂದು ಕಲ್ಲಿಲ್ಲ,” ಎಂದಳು.

ಅಲ್ಲಿ ಬಾಡಿಗೆಗೆ ಮನೆ ಸಿಗುವ ತನಕ ಅವನೊಬ್ಬನೇ ಹೋಗಿರುವುದೆಂದಾಯಿತು. ಭಾನುವಾರ ಅವನು ಟ್ರಂಕು ತುಂಬಿದ. ಪಂಚೆ, ಚೆಂಬು, ಉಪ್ಪಿನಕಾಯಿ ಜಾಡಿ, ಎಲ್ಲದರ ಮೇಲೆ ದಿಂಬು. ಮುಚ್ಚಳ ಹಾಕಿದರೆ ಕೂರಲಿಲ್ಲ. ಮೇಲೆ ಹತ್ತಿ ಕೂತರೂ ಕೂರಲಿಲ್ಲ.

ರಂಗನಾಯಕಿ ಬಂದು ಮುಚ್ಚಳವೆತ್ತಿ ನೋಡಿದಳು.

“ಅಲ್ಲಿ ಇದೇನಕ್ಕೆ ರೀ? ತೆಗೀರಿ,” ಎಂದು ದಿಂಬನ್ನು ಎತ್ತಿ ಹಜಾರಕ್ಕೆ ಹಾಕಿದಳು.

ಮುಚ್ಚಳ ಸಲೀಸಾಗಿ ಕೂತಿತು.