ಎಲ್ಲಿಗೂ ಹೋಗದೆ ಸವೆದ ಟಯರುಗಳು

ಟಯರ್ ಅಂಗಡಿ ಇಟ್ಟವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಉರುಳಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಕಾಪುವಿನಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ವೀಲ್ ಅಲೈನ್‌ಮೆಂಟ್ ಅಂಗಡಿ ಉಂಟು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಉಂಡು ಕುಳಿತರೆ ಕಡಲ ಗಾಳಿಗೆ ಕಣ್ಣು ತಾನಾಗಿ ಮುಚ್ಚುತ್ತದೆ. ನಮ್ಮ ಜಿಲ್ಲೆಯ ಅಂಚಿನ ಹೆಜಮಾಡಿ ದಾಟಿದರೆ ನನಗೆ ಪರದೇಶ. ಆದರೆ ಸವೆದ ಟಯರೊಂದನ್ನು ಮುಂದಿಟ್ಟುಕೊಂಡು ಅದರ ಗೆರೆಗಳ ಮೇಲೆ ಬೆರಳಾಡಿಸಿದರೆ ಸಾಕು, ಅದು ಓಡಿದ ರಸ್ತೆಗಳು, ದಾಟಿದ ಸೇತುವೆಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ. ಹೆಂಡತಿ ಇದನ್ನು ನಿದ್ದೆ ಎನ್ನುತ್ತಾಳೆ. ನಾನು ತಪಾಸಣೆ ಎನ್ನುತ್ತೇನೆ.

ಎಡಕ್ಕೆ ಎಳೆಯುವ ಕಾರು

ಮಣಿಪಾಲದ ಪ್ರೊಫೆಸರೊಬ್ಬರು ಕಾರು ತಂದು, "ಇದು ಎಡಕ್ಕೆ ಎಳೆಯುತ್ತದೆ, ಸ್ವಲ್ಪ ನೋಡಿ" ಎಂದರು. ನೋಡಿದೆ, ಎಲ್ಲ ಸರಿ ಇತ್ತು. ಮರುವಾರ ಮತ್ತೆ ಬಂದರು, ಆಗಲೂ ಸರಿ ಇತ್ತು. ಕೊನೆಗೆ ನಾನೇ ಅವರ ಪಕ್ಕದಲ್ಲಿ ಕುಳಿತು ಉಡುಪಿಯ ಕಡೆಗೆ ಹೊರಟೆ. ದಾರಿಯಲ್ಲಿ ಒಂದು ಹೋಟೆಲಿನಿಂದ ಬಿಸಿ ಗೋಳಿಬಜೆಯ ಪರಿಮಳ ಬಂತು. ಕಾರು ಮೆಲ್ಲಗೆ ಎಡಕ್ಕೆ ಸರಿದು ಆ ಹೋಟೆಲಿನ ಎದುರೇ ನಿಂತಿತು.

"ನೋಡಿದಿರಾ?" ಎಂದರು ಪ್ರೊಫೆಸರರು.

ಎಣ್ಣೆ ತಿಂಡಿ ಬಿಡಬೇಕೆಂದು ಡಾಕ್ಟರು ಅವರಿಗೆ ಹೇಳಿದ್ದರಂತೆ. ಕಾರಿಗೆ ಯಾರೂ ಹೇಳಿರಲಿಲ್ಲ.

ಗೃಹಪ್ರವೇಶವಾದ ಗಾಡಿ

ಆದರೆ ನನ್ನ ವಿದ್ಯೆಗೇ ಸವಾಲು ಹಾಕಿದ್ದು ಅಂಬಲಪಾಡಿಯ ಮಾಸ್ಟ್ರ ಗಾಡಿ. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆಯೊಂದನ್ನು ಕಾರ್ಕಳದ ಶೆಡ್ಡಿನಲ್ಲಿ ಮಾಡಿಸಿದರು. ಒಂದೊಂದು ಬದಿಗೆ ಎರಡೆರಡು ಚಕ್ರ, ಎಡಕ್ಕೆ ಬಾಗಿಲು, ಬಲಕ್ಕೆ ಅಡುಗೆ ಕಟ್ಟೆ, ಅದರ ಮೇಲೊಂದು ಪುಟ್ಟ ಕಿಟಕಿ.

ಇಷ್ಟೆಲ್ಲ ಮಾಡಿದ್ದು ಅವರ ಹೆಂಡತಿಗಾಗಿ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಹುಟ್ಟಿದಂದಿನಿಂದ ಸೂರ್ಯ ಕಡಲಿಗೆ ಇಳಿಯುವುದನ್ನು ಮಾತ್ರ ನೋಡಿದವರು. "ಅವನು ಕಡಲಿನಿಂದ ಎದ್ದು ಬರುವುದನ್ನು ಒಮ್ಮೆ ನೋಡಬೇಕು ಮಾರಾಯ. ಒದ್ದೆಯಾಗಿ ಬರ್ತಾನೋ ಎಂತದೋ" ಎನ್ನುತ್ತಿದ್ದರು. ಅದಕ್ಕೆ ಪೂರ್ವದ ಕಡಲಿಗೇ ಹೋಗಬೇಕು. ಆ ಮಾತು ಕೇಳಿದ ದಿನ ನಾನೂ ಮಧ್ಯಾಹ್ನವಿಡೀ ಒದ್ದೆ ಸೂರ್ಯನನ್ನೇ ಕಂಡೆ.

ಗಾಡಿಗೆ ಪೂಜೆ ಮಾಡಲು ಬಂದ ಭಟ್ಟರಿಗೆ ಇದು ವಾಹನಪೂಜೆಯೋ ಗೃಹಪ್ರವೇಶವೋ ಎಂದು ಗೊಂದಲ. "ಎರಡೂ ಆಗಲಿ" ಎಂದರು ಮಾಸ್ಟ್ರು. ಭಟ್ಟರು ಒಳಗೆ ಹಾಲು ಉಕ್ಕಿಸುತ್ತಿದ್ದಾಗ ಮಾಸ್ಟ್ರು ಹೊರಗೆ ಚಕ್ರದಡಿ ನಿಂಬೆಹಣ್ಣಿಟ್ಟು ಜೀಪನ್ನು ಮುಂದಕ್ಕೆ ಬಿಟ್ಟರು. ಹಾಲು ನಾಲ್ಕು ದಿಕ್ಕಿಗೂ ಉಕ್ಕಿತು. ಭಟ್ಟರು ಕಿಟಕಿಯಿಂದ ತಲೆ ಹೊರಹಾಕಿ, "ನಾನು ಅಂಬಲಪಾಡಿಯಲ್ಲೇ ಇಳಿಯುವವನು" ಎಂದರಂತೆ.

ಅರೆಯುವ ಕಲ್ಲು

ಕೆಲವು ತಿಂಗಳಲ್ಲೇ ಗಾಡಿ ನನ್ನ ಅಂಗಡಿಗೆ ಬಂತು. ನಾಲ್ಕೂ ಟಯರುಗಳ ಅಂಚು ಸವೆದಿತ್ತು, ಬಲಬದಿಯವು ಹೆಚ್ಚು. ನಾನು ಕಣ್ಣು ಮುಚ್ಚಿ ಬೆರಳಾಡಿಸಿದೆ. ಘಾಟಿಯ ತಿರುವುಗಳು ಕಂಡವು, ಮಂಜು ಕಂಡಿತು, ದೂರದಲ್ಲೊಂದು ಜಲಪಾತವೂ ಕಂಡ ಹಾಗಾಯಿತು.

"ಬಹಳ ದೂರ ಹೋಗಿ ಬಂದಿದ್ದೀರಿ ಮಾಸ್ಟ್ರೇ" ಎಂದೆ.

"ಹೌದು, ಕಾಪು ಬೀಚಿಗೆ ಹೋಗಿದ್ದೆವು."

"ಅದರಾಚೆ ಎಲ್ಲಿಗೆ?"

"ಅದರಾಚೆ ಸಮುದ್ರ ಅಲ್ವಾ ಮಾರಾಯ. ದೂರ ಹೋಗುವ ಮೊದಲು ಅಭ್ಯಾಸ ಆಗಲಿ ಅಂತ ಪ್ರತಿ ಭಾನುವಾರ ಅಲ್ಲಿಗೇ."

ನನ್ನ ಜಲಪಾತ ಅಲ್ಲಿಗೆ ಬತ್ತಿತು. ಗಾಡಿಯ ಒಳಗೆ ಹೋಗಿ ನೋಡಿದೆ. ಬಲಬದಿಯ ಕಟ್ಟೆಯಡಿ ಅಕ್ಕಿ ಮೂಟೆ, ತೆಂಗಿನಕಾಯಿ ರಾಶಿ, ನೀರಿನ ಡ್ರಮ್ಮು, ಜೊತೆಗೆ ಅಜ್ಜಿಯ ಕಾಲದ ಅರೆಯುವ ಕರಿಕಲ್ಲು. ಭಾರವೆಲ್ಲ ಒಂದೇ ಬದಿಗೆ ಬಿದ್ದರೆ ಆ ಬದಿಯ ಟಯರ್ ಸವೆಯದೆ ಇನ್ನೇನು?

"ಅಕ್ಕ, ನಿಮ್ಮಲ್ಲಿ ಮಿಕ್ಸಿ ಇಲ್ವಾ?" ಎಂದು ಕೇಳಿದೆ.

"ಉಂಟು. ಅದೂ ಅದೇ ಬದಿಯಲ್ಲಿ ಉಂಟು" ಎಂದರು.

ಬೀಚಿನ ಪ್ರದಕ್ಷಿಣೆ

ಸಾಮಾನುಗಳನ್ನು ಎರಡೂ ಬದಿಗೆ ಹಂಚಿ, ಕಲ್ಲನ್ನು ನಡುವೆ ಇರಿಸಿ, ಹೊಸ ಟಯರ್ ಹಾಕಿ ಕಳಿಸಿದೆ. ಗೆದ್ದೆ ಎಂದುಕೊಂಡು ಚೆನ್ನಾಗಿ ನಿದ್ದೆಯನ್ನೂ ಮಾಡಿದೆ. ಗಾಡಿ ಮರಳಿ ಬಂತು. ಈ ಸಲ ಎರಡೂ ಬದಿಯವು ಭೇದಭಾವವಿಲ್ಲದೆ ಒಂದೇ ಸಮ ಸವೆದಿದ್ದವು.

ಗಾಳಿ ನೋಡಿದೆ, ಸರಿ ಇತ್ತು. ಆಕ್ಸಲ್ ಬಾಗಿದೆಯೋ ಎಂದು ಚಕ್ರದಿಂದ ಚಕ್ರಕ್ಕೆ ನೂಲು ಹಿಡಿದು ನೋಡಿದೆ, ಅದೂ ನೆಟ್ಟಗಿತ್ತು. ನನ್ನ ಕನಸಿನಲ್ಲೂ ಏನೂ ಕಾಣಲಿಲ್ಲ. "ಕಾರಣ ಗೊತ್ತಾಗದೆ ದೂರ ಹೋಗುವುದು ಬೇಡ ಮಾಸ್ಟ್ರೇ. ಘಾಟಿಯಲ್ಲಿ ಟಯರ್ ಒಡೆದರೆ ಕಷ್ಟ" ಎಂದೆ. ಮಾಸ್ಟ್ರು ತಲೆಯಾಡಿಸಿದರು. ಅಕ್ಕನ ಮುಖ ಬಾಡಿತು. "ಆಯಿತು, ಮುಳುಗುವ ಸೂರ್ಯನೂ ಅವನೇ ಅಲ್ವಾ" ಎಂದಷ್ಟೇ ಹೇಳಿ ಗಾಡಿ ಹತ್ತಿದರು. ನನಗೆ ಬಹಳ ಬೇಜಾರಾಯಿತು. ಒಬ್ಬರ ಜೀವಮಾನದ ಆಸೆ ನನ್ನ ಜಾಕಿನ ಮೇಲೆ ನಿಂತುಬಿಟ್ಟಿತ್ತು.

ಹಾಗಾಗಿ ಮುಂದಿನ ಭಾನುವಾರ ನಾನೂ ಅವರ ಜೊತೆ ಬೀಚಿಗೆ ಹೋದೆ. ಸಂಜೆಯ ಬಿಸಿಲು ನೀರಿನ ಮೇಲೆ ಹಾಸಿತ್ತು, ಎಲ್ಲವೂ ನಿಧಾನವಾಗಿತ್ತು, ಮಾಸ್ಟ್ರೊಬ್ಬರನ್ನು ಬಿಟ್ಟು. ಅವರು ಇಂಟರ್‌ಲಾಕ್ ಇಟ್ಟಿಗೆ ಹಾಸಿದ ಇಕ್ಕಟ್ಟಾದ ಪಾರ್ಕಿಂಗ್ ಜಾಗದಲ್ಲಿ ಗಾಡಿಯನ್ನು ಮುಂದೆ ತಂದರು, ಹಿಂದೆ ತಂದರು, ನಿಂತಲ್ಲೇ ತಿರುಗಿಸಿದರು, ಸಮಾಧಾನವಾಗದೆ ಮತ್ತೊಮ್ಮೆ ತಿರುಗಿಸಿದರು. ಟಯರುಗಳು ಕಿರ್ರೋ ಎನ್ನುತ್ತಿದ್ದವು.

"ಎಂತ ಮಾಡ್ತಿದ್ದೀರಿ ಮಾಸ್ಟ್ರೇ?"

"ಬಾಗಿಲು ಪೂರ್ವಕ್ಕೆ ಬರಬೇಕಲ್ಲ. ಮನೆ ಅಂದ ಮೇಲೆ ಅಷ್ಟೂ ಬೇಡವಾ?"

"ಪೂರ್ವ ಸರಿಯಾಗಿ ಯಾವ ಕಡೆ ಅಂತ ಹೇಗೆ ನೋಡ್ತೀರಿ?"

"ಸಮುದ್ರಕ್ಕೆ ಬೆನ್ನು ಹಾಕಿದರೆ ಎದುರು ಪೂರ್ವ. ನಮ್ಮ ಊರಿನ ಮಕ್ಕಳಿಗೂ ಗೊತ್ತುಂಟು."

ರೋಗ ಸಿಕ್ಕಿತು. ಒಂದರ ಹಿಂದೆ ಒಂದು ಜೋಡಿ ಚಕ್ರವಿರುವ ಗಾಡಿಯನ್ನು ನಿಂತಲ್ಲೇ ತಿರುಗಿಸಿದರೆ ಚಕ್ರಗಳು ಉರುಳುವುದಿಲ್ಲ, ಅಡ್ಡಕ್ಕೆ ಉಜ್ಜಿಕೊಳ್ಳುತ್ತವೆ. ಅಜ್ಜಿಯ ಕಲ್ಲಿನಲ್ಲಿ ಅರೆದ ಹಾಗೆಯೇ ಮಾಸ್ಟ್ರು ಟಯರನ್ನು ಅರೆಯುತ್ತಿದ್ದರು.

"ಅಕ್ಕ, ಇವರು ಪ್ರತಿ ಸಲ ಹೀಗೆ ತಿರುಗಿಸ್ತಾರಾ?" ಎಂದೆ.

"ಮತ್ತೆ? ನೀನು ಟಯರನ್ನು ಕೇಳಿದೆ, ನೂಲನ್ನು ಕೇಳಿದೆ. ನನ್ನನ್ನು ಎಲ್ಲಿ ಕೇಳಿದೆ?"

ಪೂರ್ವದ ಕಡಲು

ಮತ್ತೆ ಹೊಸ ಟಯರ್ ಹಾಕಿದೆ. ದೊಡ್ಡ ತಿರುವು ತೆಗೆದುಕೊಂಡು ಒಂದೇ ಸಲಕ್ಕೆ ನಿಲ್ಲಿಸಬೇಕು, ನಿಂತ ಮೇಲೆ ಅಲುಗಿಸಬಾರದು ಎಂದು ಮಾಸ್ಟ್ರಿಂದ ಮಾತು ತೆಗೆದುಕೊಂಡೆ. ಅವರು ಪೂರ್ವದ ಕಡಲಿಗೆ ಹೊರಟರು. ಗಾಡಿ ಕಣ್ಣಿಗೆ ಮರೆಯಾದ ಮೇಲೂ ನಾನು ರಸ್ತೆ ನೋಡುತ್ತಾ ಕುಳಿತಿದ್ದೆ. ಹೆಜಮಾಡಿ ದಾಟಿದ್ದು ನಾನೇ ಎಂಬಂತೆ ಮೈ ಹಗುರವಾಗಿತ್ತು.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಅಂಗಡಿ ತೆರೆಯುವಾಗ ಅಕ್ಕನ ಫೋನು ಬಂತು.

"ನಿನ್ನೆ ಬಂದು ಮುಟ್ಟಿದೆವು ಮಾರಾಯ. ಮೋಡ ಕವಿದಿತ್ತು. ಇವರು ದೊಡ್ಡ ತಿರುವು ತೆಗೆದುಕೊಂಡು ಒಂದೇ ಸಲಕ್ಕೆ ಗಾಡಿ ನಿಲ್ಲಿಸಿದರು. ಬಾಗಿಲು ಪೂರ್ವಕ್ಕೆ ಅಂತ, ಸರಿಯಾಗಿ ಸಮುದ್ರಕ್ಕೆ ಬೆನ್ನು ಹಾಕಿ."

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಆ ಊರಿನಲ್ಲಿ ಸಮುದ್ರ ಇರುವುದೇ ಪೂರ್ವಕ್ಕೆ. ಅದಕ್ಕೆ ಬೆನ್ನು ಹಾಕಿದರೆ ಬಾಗಿಲು ಪಶ್ಚಿಮಕ್ಕೆ.

"ಅಯ್ಯೋ ಅಕ್ಕ, ಹಾಗಾದರೆ ಸೂರ್ಯ?"

"ಇವರು ಬೆಳಿಗ್ಗೆ ಬೇಗ ಸ್ನಾನ ಮಾಡಿ, ಬಾಗಿಲಿನ ಎದುರು ಕುರ್ಚಿ ಹಾಕಿ, ಮೀನು ಒಣಗಿಸುವ ಶೆಡ್ಡನ್ನೇ ನೋಡುತ್ತಾ ಕುಳಿತರು. ನಾನು ಕಾಫಿಗೆ ಹಾಲು ಇಟ್ಟೆ. ಅಡುಗೆ ಕಟ್ಟೆಯ ಕಿಟಕಿಯಲ್ಲಿ ಬಂದ ನೋಡು! ಕೆಂಪಗೆ, ನೀರಿನಿಂದ ಮೆಲ್ಲ ಮೆಲ್ಲ ಎದ್ದು ಬಂದ. ಪೂರ್ತಿ ನೋಡಿದೆ. ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ."

ನಾನು ಅರ್ಧ ಎತ್ತಿದ ಶಟರನ್ನು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕುಳಿತೆ.

"ಮಾಸ್ಟ್ರಿಗೆ ಹೇಳಲಿಲ್ವಾ?"

"ಅವನು ಸರೀ ಮೇಲೆ ಬಂದ ನಂತರ ಕರೆದೆ. ಇವರು ಕಿಟಕಿಯಲ್ಲಿ ಇಣುಕಿ, 'ಈ ಊರಿನವರು ಸಮುದ್ರವನ್ನು ಎಲ್ಲಿ ಇಟ್ಟುಕೊಂಡಿದ್ದಾರೆ' ಅಂತ ಕೇಳ್ತಾರೆ."

"ಪಾಪ, ಅಷ್ಟು ದೂರ ಕರೆದುಕೊಂಡು ಹೋದವರು. ಮೊದಲೇ ಕರೆಯಬಹುದಿತ್ತಲ್ಲ ಅಕ್ಕ?"

"ಕರೆದರೆ ಆಗಲೇ ಗಾಡಿ ತಿರುಗಿಸಲು ಹೊರಡ್ತಿದ್ದರು ಮಾರಾಯ. ಹೊಸ ಟಯರ್ ಅಲ್ವಾ?"