ಆರು ಬಿ ಮನೆಯ ಸುಣ್ಣ

ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನ ಕೈಲಾಗದ ಕೆಲಸ. ಮೊನ್ನೆಯಿಂದ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ಹೇಳುತ್ತಿದ್ದೇನೆ. ಸಂಕೇಶ್ವರಕ್ಕೆ ಹೊರಟಿದ್ದ ಒಬ್ಬರು ನನ್ನ ಮಾತು ಕೇಳುತ್ತ ಬಸ್ಸನ್ನೇ ತಪ್ಪಿಸಿಕೊಂಡರು. ನೀವು ಕೂತು ಓದುವವರು, ನಿಮಗೆ ಆ ಭಯವಿಲ್ಲ.

ನಾನು ಕಲಿತದ್ದು ಮೂರನೆಯ ಇಯತ್ತೆ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಪಟ್ಟೇವಾಲಾ ಆಗಿದ್ದೆ. ಆಫೀಸಿನ ಚೀಟಿಗಳನ್ನು ಕಾರ್ಮಿಕರ ಮನೆಗಳಿಗೆ ಮುಟ್ಟಿಸುವ ಕೆಲಸ. ಇಂಗ್ಲಿಷಿನ ಅಂಕಿಗಳು, ಬಾಗಿಲ ಮೇಲೆ ಬರೆದ ಎ, ಬಿ, ಸಿ, ಡಿ, ಇಷ್ಟೇ ನನ್ನ ವಿದ್ಯೆ. ನಿವೃತ್ತನಾದ ಮೇಲೆ ಗಿರಣಿಯ ಮನೆ ಬಿಟ್ಟು ಗೋಕಾಕದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಅಕ್ಷತಾ ಇಲ್ಲಿಂದಲೇ ಕಂಪನಿಯ ಕೆಲಸ ಮಾಡುತ್ತಾಳೆ. ಆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಮೊನ್ನೆ ಅವರ ಕಂಪನಿಯ ದೊಡ್ಡ ಕಂಪ್ಯೂಟರ್ ಮೂರನೆಯ ಸಲ ಬಿದ್ದಿತು. ಪೆಟ್ಟಾಯಿತೇ ಎಂದು ಕೇಳಿದೆ. "ಹಂಗ ಬೀಳೂದಲ್ಲ ಅಜ್ಜಾ, ಕೆಲಸ ಬಿಟ್ಟು ಗಪ್ಪನ ನಿಂತೈತಿ" ಎಂದಳು. ಹಾಗೆ ನಿಲ್ಲುವಾಗ ಅದು ತಲೆಯೊಳಗಿದ್ದುದನ್ನೆಲ್ಲ ಒಂದು ಫೈಲಿಗೆ ಕಕ್ಕುತ್ತದಂತೆ. ಅದನ್ನು ಓದಿ ಮಧ್ಯಾಹ್ನ ಹನ್ನೆರಡರೊಳಗೆ ಕಾರಣ ಹೇಳಬೇಕು. ಅವಳೊಬ್ಬಳಿಗೇ ಒಪ್ಪಿಸಿದ ಮೊದಲ ಕೆಲಸ. ತಪ್ಪಿದರೆ ಕಾಯಂ ಆಗುವ ಮಾತು ಮರೆಯಬೇಕು.

ಹನ್ನೊಂದಕ್ಕೆ ಇಡೀ ಮನೆ ಉಸಿರು ಬಿಗಿಹಿಡಿದಿತ್ತು. ಕುಕ್ಕರ್ ಸೀಟಿ ಹೊಡೆದೀತೆಂದು ಸೊಸೆ ಕಸ್ತೂರಿ ಅನ್ನವನ್ನು ಬರೀ ಪಾತ್ರೆಯಲ್ಲಿ ಇಟ್ಟಿದ್ದಳು. ಫಾಲ್ಸಿನ ಹಳೆಯ ಮನೆಯ ಹಿತ್ತಲಿನಿಂದ ನಾನು ತಂದ ಕರಿಬೇವು ತೊಳೆದಿಟ್ಟಿದ್ದರೂ ಒಗ್ಗರಣೆ ಹಾಕಿರಲಿಲ್ಲ, ನನಗೆ ಕೆಮ್ಮು ಬರುತ್ತದೆಂದು. ಅಕ್ಷತಾಳ ಕೋಣೆಯಲ್ಲಿ ಕೂರಲು ನನಗೆ ಒಂದೇ ಷರತ್ತು: ಬಾಯಿ ಬಿಡಬಾರದು. ಪಾಳಿಗೆ ಕೂಗುವ ಗಿರಣಿಯ ಭೋಂಗಾಕ್ಕೆ ಬಟ್ಟೆ ತುರುಕಿದಂತಾಗಿತ್ತು ನನ್ನ ಸ್ಥಿತಿ.

ಪರದೆಯ ತುಂಬ ಸಾಲು ಸಾಲು ಅಕ್ಷರ. ಎಡಗಡೆ ಇರುವುದು ಮನೆ ನಂಬರು, ಬಲಗಡೆ ಆ ಮನೆಯೊಳಗಿನ ಸಾಮಾನು ಎಂದು ಹಿಂದಿನ ದಿನ ತಿಳಿಸಿದ್ದಳು. ನನಗದು ಗಿರಣಿಯ ಸಾಲುಮನೆಗಳ ಚಾಳಿನಂತೆಯೇ ಕಂಡಿತು. ಅವಳು ಸರಸರ ಸರಿಸುತ್ತಲೇ ಇದ್ದಳು. ಹನ್ನೊಂದೂವರೆ. ಹನ್ನೊಂದು ನಲವತ್ತು. ಉಗುರು ಕಚ್ಚತೊಡಗಿದಳು. ಚಿಕ್ಕಂದಿನಲ್ಲಿ ಬೇವಿನೆಣ್ಣೆ ಹಚ್ಚಿ ಬಿಡಿಸಿದ ಚಟ ಅದು. ಆಗಲೇ ನನ್ನ ಕಣ್ಣಿಗೆ ಬಿದ್ದದ್ದು.

"ಅಕ್ಕೂ! ನಮ್ಮ ಮನಿ!"

"ಅಜ್ಜಾ, ಸುಮ್ನ ಕುಂಡರು ಅಂದಿದ್ದಿಲ್ಲನ?"

"ಖರೇನ ಹೇಳ್ತೇನವಾ, ಹಿಂದಕ್ಕ ಹೋಗು. ಆರು ಬಿ, ಆರು ಬಿ, ಆರು ಬಿ... ಸಾಲ ತುಂಬ ನಮ್ಮ ಫಾಲ್ಸಿನ ಮನಿ ನಂಬರ ಬರದಾರ!"

ಕಸ್ತೂರಿ ಓಡಿಬಂದಳು. "ಮಾವಾರ, ಹೊರಗ ಬರ್ರಿ. ಹುಡುಗಿ ಕೆಲಸ ಕೆಡಸಬ್ಯಾಡ್ರಿ."

ನನ್ನ ಬಾಯಿ ಮುಚ್ಚಿಸಲೆಂದೇ ಅಕ್ಷತಾ ಹಿಂದಕ್ಕೆ ಸರಿಸಿದಳು. ನೋಡಿದವಳ ಬೆರಳು ಬಾಯಿಂದ ಇಳಿಯಿತು. ಆಮೇಲೆ ಮೆಲ್ಲಗೆ ಕೇಳಿದಳು: "ಅಜ್ಜಾ, ಗಿರಣ್ಯಾಗ ಮನಿ ಖಾಲಿ ಆದ ಮ್ಯಾಲ ಏನ ಮಾಡ್ತಿದ್ರು?"

"ಸುಣ್ಣ ಹಚ್ಚತಿದ್ರು."

"ಇದು ಆ ಸುಣ್ಣಾನ! ಖಾಲಿ ಆದ ಜಾಗಾಕ್ಕ ಕಂಪ್ಯೂಟರ್ ಆರು ಬಿ ಅಂತ ತುಂಬತೈತಿ. ಯಾವುದೋ ಪ್ರೋಗ್ರಾಮ್ ಮನಿ ಬಿಟ್ಟ ಮ್ಯಾಲೂ ಹಳೇ ನಂಬರ ಕಿಸೇದಾಗ ಇಟ್ಕೊಂಡು ಮತ್ತ ಒಳಗ ಹೋಗೈತಿ. ಸುಣ್ಣಾನ ತನ್ನ ಸಾಮಾನ ಅಂತ ಎಳಿಯಾಕ ಹೋಗಿ ಎಲ್ಲಾನೂ ಕೆಡವೈತಿ!"

ಆ ಪ್ರೋಗ್ರಾಮ್ ಯಾವುದೆಂದು ಹುಡುಕಿ, ಬರೆದು ಕಳಿಸಿದಾಗ ಹನ್ನೆರಡಕ್ಕೆ ನಾಲ್ಕು ನಿಮಿಷವಿತ್ತು. ಒಂದು ಗಂಟೆಗೆ ಫೋನ್ ಬಂತು. ಕೆಲಸ ಕಾಯಂ! ಕಸ್ತೂರಿ ಚೊಯ್ ಎಂದು ಒಗ್ಗರಣೆ ಹಾಕಿದಳು. ನಾನು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ. ಎಲ್ಲವೂ ಕೆಮ್ಮಿನ ನೀರೇ ಎಂದು ಹೇಳಲಾರೆ.

ಮರುದಿನ ಕರದಂಟಿನ ಡಬ್ಬಿ ಹಿಡಿದು ಫಾಲ್ಸಿಗೆ ಹೋದೆ. ಕಾಲು ತಾನಾಗಿ ಆರು ಬಿಗೆ ನಡೆಯಿತು. ಹಿತ್ತಲ ಬಾಗಿಲು ತೆಗೆದು, ನಾನೇ ನೆಟ್ಟಿದ್ದ ಕರಿಬೇವಿನ ಎರಡು ಎಸಳು ಮುರಿದು ಕಿಸೆಗೆ ಹಾಕಿದ್ದೇ ತಡ, ಈಗ ಅಲ್ಲಿರುವ ಹೆಣ್ಣುಮಗಳು ಕಸಬರಿಗೆ ಎತ್ತಿಕೊಂಡೇ ಬಂದಳು.

"ನೀವೇನ್ರಿ ಅಜ್ಜಾರ! ಕಳ್ಳ ಅಂತ ಎದಿ ಒಡದು ನೀರಾತು. ಮನಿ ಬಿಟ್ಟು ಎಷ್ಟು ವರ್ಷಾತ್ರಿ?"

ನಾನು ಉತ್ತರಕ್ಕೆ ಬದಲು ಕರದಂಟು ಕೊಟ್ಟೆ. ಕಟ್ಟೆಯ ಮೇಲೆ ಕೂತು, ಮನೆ ಬಿಟ್ಟರೂ ಹಳೆಯ ನಂಬರು ಬಿಡದ ಆ ದಡ್ಡ ಪ್ರೋಗ್ರಾಮಿನ ಕತೆಯನ್ನು ಕೈಬಾಯಿ ತಿರುಗಿಸಿ ಹೇಳಿದೆ. ಆಕೆ ಕರದಂಟು ಜಗಿಯುತ್ತ ಪೂರ್ತಿ ಕೇಳಿದಳು. ಆಮೇಲೆ ನನ್ನ ಕಿಸೆಯನ್ನೇ ನೋಡುತ್ತ, "ಆ ಪ್ರೋಗ್ರಾಮಿನ ಹೆಸರ ಏನ್ರಿ ಅಜ್ಜಾರ?" ಎಂದಳು.

ನಾನು ಕಿಸೆಯಿಂದ ಕರಿಬೇವು ತೆಗೆದು ಕಟ್ಟೆಯ ಮೇಲಿಟ್ಟೆ.